‘ಟ್ಯಾಗ್ ಕಿತ್ತಿಲ್ಲ, ನೋಡಿ!’

ಹೊಸಕೋಟೆ ಕಡೆಯ ಒಂದು ಗೋಡೌನು. ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ. ಆನ್‌ಲೈನಿನಲ್ಲಿ ಮಾರಾಟವಾಗಿ ತಿರುಗಿ ಬಂದ ಸೀರೆಗಳು ಆಳೆತ್ತರ ಬಿದ್ದಿವೆ. ನಡುವೆ ಒಂದು ಗಿಳಿಹಸಿರು ಸೀರೆ, ಅದರ ಒಳತುದಿಯಲ್ಲಿ ಪ್ಲಾಸ್ಟಿಕ್ ದಾರಕ್ಕೆ ಜೋತುಬಿದ್ದ ಬೆಲೆಚೀಟಿ. ಮೂಲೆ ಮಡಿಚಿಹೋಗಿದೆ, ಬಾರ್‌ಕೋಡಿನ ಮೇಲೆ ಯಾರದೋ ಅರಿಶಿನದ ಬೆರಳಚ್ಚು. ಲೋಕ ಕಂಡವರಂತೆ ತೋರಿದ್ದರಿಂದ ಟ್ಯಾಗಪ್ಪನವರೇ ಎಂದೇ ಮಾತಿಗೆಳೆದೆ.

ಹಬ್ಬ ಹೇಗಾಯ್ತು, ಟ್ಯಾಗಪ್ಪನವರೇ?

ಬಲು ಜೋರು ಸಾರ್. ಗುರುವಾರ ಸಂಜೆ ಡೆಲಿವರಿ ಆದೆ. ರಾತ್ರಿಯೇ ಕಳಶಕ್ಕೆ ಸೀರೆ ಉಡಿಸಿದ್ರು. ಬಿಂದಿಗೆ, ಅದರ ಮೇಲೆ ಚೊಂಬು, ಕೋಲು ಕಟ್ಟಿ, ಒಂದೊಂದೇ ನೆರಿಗೆ ಹಿಡಿದು ಪಿನ್ನು ಹಾಕಿದ್ರು. ನನ್ನನ್ನು ಮಾತ್ರ ಹಿಂದುಗಡೆ, ಬಾಳೆಕಂದಿನ ಮರೆಗೆ ಸಿಕ್ಕಿಸಿದ್ರು. ಶುಕ್ರವಾರ ಬಂದ ಮುತ್ತೈದೆಯರೆಲ್ಲ ‘ಸೀರೆ ಎಷ್ಟು ಲಕ್ಷಣವಾಗಿದೆ ರೀ, ಎಲ್ಲಿ ತಗೊಂಡ್ರಿ’ ಅನ್ನೋರೇ. ಶನಿವಾರ ದೇವಿಯನ್ನ ಕದಲಿಸಿದ್ರು. ಭಾನುವಾರ ಅದನ್ನೇ ಮನೆಯಾಕೆ ಉಟ್ಕೊಂಡು ಒಂದು ನಾಮಕರಣಕ್ಕೆ ಹೋಗಿ ಹೋಳಿಗೆ ಊಟ ಮಾಡಿ ಬಂದ್ರು. ಸೋಮವಾರ ಪಿಕಪ್.

ಐಶ್ವರ್ಯ ಕೊಡಮ್ಮಾ ಅಂತ ಬೇಡೋ ದೇವಿಗೇ ಎರವಲು ಸೀರೆಯೇ?

ಎರವಲು ಅನ್ಬೇಡಿ, ಅದಕ್ಕೊಂದು ಮರ್ಯಾದೆ ಇತ್ತು. ಹಿಂದೆ ಬೀಗರ ಮನೆ ಮದುವೆ ಅಂದ್ರೆ ಅತ್ತಿಗೆಯ ಧರ್ಮಾವರಂ ಸೀರೆ ಇಸ್ಕೊಂಡು ಹೋಗೋರು. ಬಾಯಿಬಿಟ್ಟು ಕೇಳ್ಬೇಕಿತ್ತು. ಕಲೆಯಾದ್ರೆ ವರ್ಷಗಟ್ಟಲೆ ಮಾತು ಕೇಳ್ಬೇಕಿತ್ತು. ಇಲ್ಲಿ ಕೇಳೋದೂ ಇಲ್ಲ, ಕೇಳಿಸ್ಕೊಳ್ಳೋದೂ ಇಲ್ಲ.

ವಾಪಸು ಮಾಡೋಕೆ ಕಾರಣ ಕೊಡಬೇಕಲ್ಲ?

‘ಬಣ್ಣ ಚಿತ್ರದಲ್ಲಿದ್ದ ಹಾಗಿಲ್ಲ’ ಅಂತ ಒತ್ತಿದ್ರು. ಅವರದೂ ತಪ್ಪಿಲ್ಲ ಬಿಡಿ, ‘ಉಟ್ಟಾಯ್ತು, ಸಾಕು’ ಅನ್ನೋ ಕಾರಣ ಪಟ್ಟಿಯಲ್ಲಿ ಇರಲಿಲ್ಲ. ಅದೇ ಬಣ್ಣದ ಫೋಟೋ ಅವರ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿತ್ತು.

ನೋಡಿದವರಿಗೆ ಗೊತ್ತಾಗೋದಿಲ್ಲವೇ?

ಕಣ್ಣಿದ್ದೋರಿಗೆ ಗೊತ್ತಾಗುತ್ತೆ. ವಾಪಸು ಹೋಗೋ ಸೀರೆಗೆ ಫಾಲ್ ಇರಲ್ಲ, ಕುಚ್ಚು ಕಟ್ಟಿರಲ್ಲ. ರವಿಕೆ ಬಟ್ಟೆ ಸೀರೆಯಲ್ಲೇ ಸೇರ್ಕೊಂಡಿರುತ್ತೆ, ಕತ್ತರಿಸಿರಲ್ಲ. ಕೇಳಿದ್ರೆ ‘ಈಗ ಕಾಂಟ್ರಾಸ್ಟ್ ಬ್ಲೌಸೇ ಫ್ಯಾಷನ್ನು’ ಅಂತಾರೆ. ಇನ್ನು ನಾನು ಸೊಂಟದ ಹತ್ರ ಲಂಗದೊಳಗೆ ಇರ್ತೀನಿ. ನನ್ನ ಮೂಲೆ ಚುಚ್ಚುತ್ತೆ. ಆರತಕ್ಷತೆಯಲ್ಲಿ ಯಾರಾದರೂ ನಗ್ತಾ ನಗ್ತಾ ಸೊಂಟ ಕೆರ್ಕೊಂಡ್ರೆ ಅಲ್ಲಿ ನಮ್ಮವರೊಬ್ಬರು ಡ್ಯೂಟಿಯಲ್ಲಿದ್ದಾರೆ ಅಂತ ತಿಳೀರಿ.

ಆದರೂ ನಿಯಮವೇ ಅವಕಾಶ ಕೊಟ್ಟಿರುವಾಗ ಬಳಸಿಕೊಂಡರೆ ತಪ್ಪೇನು?

ನಿಯಮ ಓದಿದ್ದೀರಾ? ಉಟ್ಟಿರಬಾರದು, ಒಗೆದಿರಬಾರದು, ಟ್ಯಾಗ್ ಇರಬೇಕು ಅಂತ ಮೂರು ಮಾತು ಬರೆದಿರ್ತಾರೆ. ಜನ ಮೂರನೇದನ್ನ ಮಾತ್ರ ಓದ್ತಾರೆ. ಮೊದಲನೇದಕ್ಕೆ ಸಾಕ್ಷಿ ಆಗ್ಲಿ ಅಂತ ತಾನೇ ನನ್ನನ್ನ ಕಟ್ಟಿರೋದು? ಈಗ ಸುಳ್ಳುಸಾಕ್ಷಿ ಹೇಳೋದೇ ನನ್ನ ಕಸುಬಾಗಿದೆ. ಪಿಕಪ್ಪಿಗೆ ಬಂದ ಹುಡುಗ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡ್ತಾ ನಿಂತಿದ್ದಾನೆ. ಸೀರೆಯ ವಾಸನೆ ಅವನ ಮೂಗಿಗೂ ಬಡೀತು. ಮನೆಯಾಕೆ ನನ್ನನ್ನ ಅವನ ಮುಖದ ಹತ್ರ ಹಿಡಿದು ‘ಟ್ಯಾಗ್ ಕಿತ್ತಿಲ್ಲ, ನೋಡಿ!’ ಅಂದ್ರು. ಅವನು ನನ್ನ ಫೋಟೋ ತೆಗೆದು, ಸೀರೆಯನ್ನ ಚೀಲಕ್ಕೆ ತುರುಕಿಕೊಂಡು ಇಳಿದುಹೋದ. ಜಗಳಕ್ಕೆ ನಿಂತ್ರೆ ಅವನ ಮುಂದಿನ ಹತ್ತು ಮನೆ ಯಾರು ನೋಡ್ಕೋತಾರೆ?

ನಿಮ್ಮ ಕಂಪನಿಯವರೇನು ಸತ್ಯ ಹರಿಶ್ಚಂದ್ರರೇ?

ಹರಿಶ್ಚಂದ್ರನಾ! ನನ್ನ ಹಣೆ ನೋಡಿ. ಎಂಆರ್‌ಪಿ 8,999 ಅಂತಿದೆ. ಅದರ ಮೇಲೆ ಗೀಟು ಎಳೆದು 2,499. ಈ ಸೀರೆಯನ್ನ ಎಂಟು ಸಾವಿರಕ್ಕೆ ಕೊಂಡ ಪುಣ್ಯಾತ್ಮ ಇವತ್ತಿನವರೆಗೆ ಹುಟ್ಟಿಲ್ಲ. ಹುಟ್ಟುತ್ತಲೇ ಸುಳ್ಳು ಹೊತ್ಕೊಂಡು ಬಂದೋನು ನಾನು. ಇನ್ನು ಆ ‘ಸುಲಭ ವಾಪಸಾತಿ’ ಅನ್ನೋದು ದಾನಧರ್ಮ ಅಂದ್ಕೊಂಡಿರಾ? ಹಿಂದೆ ಕೊಡಬಹುದಲ್ಲ ಅನ್ನೋ ಧೈರ್ಯಕ್ಕೆ ಒಂದರ ಬದಲು ಮೂರು ತರಿಸ್ತೀರಿ, ಆಲಸ್ಯಕ್ಕೆ ಎರಡು ಮನೆಯಲ್ಲೇ ಉಳಿಯುತ್ತೆ. ಲೆಕ್ಕ ಹಾಕಿಯೇ ಇಟ್ಟಿದ್ದಾರೆ.

ಹಾಗಾದರೆ ಕಳ್ಳನ ಮನೆಗೆ ಕನ್ನ ಹಾಕಿದಂತಾಯ್ತು. ನಷ್ಟ ಯಾರಿಗೆ?

ಎಲ್ಲರೂ ಹಾಗೇ ಅಂದ್ಕೊಂಡು ನಿದ್ದೆ ಮಾಡ್ತಾರೆ ಸಾರ್. ನಾನು ಹುಟ್ಟಿದ್ದು ದೊಡ್ಡಬಳ್ಳಾಪುರದ ಒಂದು ಮನೆಯಲ್ಲಿ. ಮುಂದೆ ಪವರ್‌ಲೂಮು, ಹಿಂದೆ ಅಡುಗೆಮನೆ. ಆ್ಯಪ್ ದೊಡ್ಡ ಕಂಪನಿಯದು, ಸೀರೆ ಈ ಮನೆಯವರದು. ವಾಪಸು ಬಂದ್ರೆ ಹೋಗಿಬರೋ ಕೊರಿಯರ್ ಖರ್ಚು ಎಷ್ಟೋ ಸಲ ಇವರ ತಲೆಗೇ. ಪಾರ್ಸೆಲ್ ಬಿಚ್ಚುವಾಗ ಮಗನ ಕೈಲಿ ವಿಡಿಯೊ ಮಾಡಿಸ್ತಾರೆ, ಕಲೆ ಕಂಡ್ರೆ ಕಂಪನಿಗೆ ತೋರಿಸೋಕೆ. ಕೆಲವು ಸಲ ಬಿಚ್ಚಿದ್ರೆ ಒಳಗೆ ಇವರ ಸೀರೆಯೇ ಇರಲ್ಲ, ಯಾರದೋ ಮಾಸಿದ ನೈಟಿ ಇರುತ್ತೆ. ಬಾಗಲೂರು ಕಡೆಯ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕೂತೋರು ‘ದೊಡ್ಡ ಕಂಪನಿಗೆ ಇದೆಲ್ಲ ಯಾವ ಲೆಕ್ಕ’ ಅಂತಿರ್ತಾರೆ.

ಪರದೇಶಗಳಲ್ಲಿ ಹೀಗೆಲ್ಲ ಇಲ್ಲವಂತೆ, ಹೌದೇ?

ನಮ್ಮ ದಾಯಾದಿಯೊಬ್ಬ ಅಮೆರಿಕದಲ್ಲಿದ್ದಾನೆ, ಬ್ಲೂಮಿಂಗ್‌ಡೇಲ್ಸ್ ಅಂಗಡಿಯಲ್ಲಿ. 2013ರಲ್ಲಿ ಅವನಿಗೆ ಕೆಲಸ ಸಿಕ್ಕಿತು. ದುಬಾರಿ ಉಡುಪುಗಳನ್ನ ಪಾರ್ಟಿಗೆ ಹಾಕ್ಕೊಂಡು ಮಾರನೇ ದಿನ ತಂದುಕೊಡೋರ ಕಾಟ ತಾಳಲಾರದೆ ಮೂರು ಇಂಚಿನ ಕರೀ ಪ್ಲಾಸ್ಟಿಕ್ ಟ್ಯಾಗನ್ನ ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ, ಉಡುಪಿನ ಕೆಳಅಂಚಿಗೆ ಹಾಕಿದ್ರು. ಕಿತ್ತರೆ ವಾಪಸಿಲ್ಲ. ಅವನು ಲಂಗದೊಳಗೆ ನುಗ್ಗಬೇಕಾಗಿಲ್ಲ, ಪುಣ್ಯವಂತ. ಎಲ್.ಎಲ್. ಬೀನ್ ಅಂತ ಇನ್ನೊಂದು ಅಂಗಡಿ, 1912ರದ್ದು. ಕೊಂಡ ಮಾಲು ಯಾವಾಗ ಬೇಕಾದರೂ ತಂದುಕೊಡಿ ಅನ್ನೋದು ಅವರ ಹೆಗ್ಗಳಿಕೆಯಾಗಿತ್ತು. ಯಾರದೋ ಮನೆ ಮುಂದೆ ಹಳೇ ಸಾಮಾನು ಮಾರಾಟಕ್ಕಿಟ್ಟಾಗ ಕೊಂಡ ಬೂಟನ್ನೂ ಜನ ಹೊತ್ಕೊಂಡು ಬಂದ್ರು. 2018ರಲ್ಲಿ ಅವರೂ ಕೈ ಮುಗಿದು ಒಂದು ವರ್ಷದ ಗಡಿ ಹಾಕಿದ್ರು.

ನೀವು ಕಂಡದ್ದರಲ್ಲಿ ಮನಸ್ಸಿಗೆ ನಾಟಿದ್ದು?

ಅದೇ ಹಬ್ಬದ ಮನೆಯದು. ಮನೆಗೆಲಸದಾಕೆ ಆಷಾಢದ ಸೇಲಿನಲ್ಲಿ ಒಂದು ಸೀರೆ ತಗೊಂಡಿದ್ದರಂತೆ. ಬಿಚ್ಚಿದ್ರೆ ಸೆರಗಿನ ಹತ್ರ ಗೇಣುದ್ದ ನೂಲು ಎದ್ದುಹೋಗಿತ್ತು. ಅಂಗಡಿಯಲ್ಲಿ ‘ಮಾರಿದ ಮಾಲು ವಾಪಸು ಪಡೆಯುವುದಿಲ್ಲ’ ಅಂತ ಬೋರ್ಡು ತೋರಿಸಿ ಕಳಿಸಿದರಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನ ವಾಪಸು ತಗೊಳ್ಳಲೇಬೇಕು, ಬಿಲ್ಲಿನಲ್ಲಿ ಗಡುವು ಹಾಕಿಲ್ಲ ಅಂದ್ರೆ ಮೂವತ್ತು ದಿನದೊಳಗೆ ದುಡ್ಡು ಕೊಡಬೇಕು. ಆಕೆಗೆ ಕಾಯ್ದೆ ಗೊತ್ತಿಲ್ಲ, ಬಿಲ್ಲಂತೂ ಅಂಗಡಿಯವರು ಕೊಟ್ಟೇ ಇಲ್ಲ. ಪಾತ್ರೆ ಉಜ್ಜುತ್ತಾ ಯಜಮಾನಿ ಹತ್ರ ಹೇಳ್ಕೊಂಡ್ರು. ಯಜಮಾನಿ ಆಗ ಫೋನಿನಲ್ಲಿ ನನ್ನ ವಾಪಸಾತಿಗೆ ಇನ್ನೆಷ್ಟು ಗಂಟೆ ಉಳಿದಿದೆ ಅಂತ ನೋಡ್ತಿದ್ರು. ತಲೆಯೆತ್ತದೆ ಏನಂದ್ರು ಗೊತ್ತಾ? ‘ಒಂದು ಹೊಲಿಗೆ ಹಾಕ್ಕೋ, ಏನಾಗಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಅಂಗಡಿಯವರ ಜೊತೆ ಜಗಳ ಆಡಬಾರದು.’

ಮುಂದಿನ ಕಾರ್ಯಕ್ರಮ?

ಪರೀಕ್ಷೆಯಲ್ಲಿ ಪಾಸಾದೆ, ಇಸ್ತ್ರಿಯೂ ಆಯ್ತು. ಗೌರಿಹಬ್ಬಕ್ಕೆ ಮೈಸೂರಿನವರೊಬ್ಬರು ಆರ್ಡರ್ ಮಾಡಿದ್ದಾರೆ, ತಂಗಿಗೆ ಬಾಗಿನದ ಜೊತೆ ಕೊಡೋಕಂತೆ. ಉಡುಗೊರೆ ಅಂದ ಮೇಲೆ ಕತ್ತರಿ ಮೊದಲು ನನಗೇ, ಬೆಲೆ ಕಾಣಬಾರದಲ್ಲ. ಅಂತೂ ನಿವೃತ್ತಿ.

ಆ ತಂಗಿಗೆ ಸೀರೆಯ ವಾಸನೆ ತಿಳಿಯೋದಿಲ್ಲವೇ?

ಕರ್ಪೂರ, ಸಾಂಬ್ರಾಣಿ ತಾನೇ? ದೇವರ ಮುಂದೆ ಇಟ್ಟು ತಂದಿದ್ದಾರೆ ಅಂತ ಕಣ್ಣಿಗೊತ್ತಿಕೊಳ್ತಾರೆ. ಸುಳ್ಳೇನಲ್ಲವಲ್ಲ ಸಾರ್.