ಕೆಂಪು ನಕ್ಷತ್ರ ಶಾಸನಗಳು: ಆನ್‌ಲೈನ್ ಫಾರಂ ನಿಯಮಗಳ ಬಗ್ಗೆ ಒಂದು ಸಂಶೋಧನ ಪ್ರಬಂಧ

ಬಿ.ಎಲ್. ರೈಸ್ ಅವರು ಸಾವಿರಾರು ಶಾಸನಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಕೊಟ್ಟು ಹೋದರು. ಅವರ ಕೈಗೆ ಸಿಗದ ಶಾಸನವರ್ಗ ಒಂದಿದೆ: ಆನ್‌ಲೈನ್ ಫಾರಂಗಳ ಹಿಂದೆ ಹುದುಗಿರುವ ನಿಯಮಗಳು. ಈ ಕೊರತೆ ನೀಗಲೆಂದು ಪ್ರಬಂಧಕಾರನು ತನಗೆ ಸಂಬಳ ಕೊಡುವ ಸಂಸ್ಥೆಯ (ಹೆಸರು ಹೇಳಿದರೆ ಅದೂ ನಿಂತೀತು) ಖರ್ಚುವೆಚ್ಚದ ಫಾರಮ್ಮನ್ನೇ ಉತ್ಖನನಕ್ಕೆ ಆರಿಸಿಕೊಂಡಿದ್ದಾನೆ.

ಮೊದಲು ಖಗೋಳ. ನಕ್ಷತ್ರಗಳು 27 ಎಂದರು ಹಿರಿಯರು. ಅಭಿಜಿತ್ ಸೇರಿಸಿ 28 ಎಂದವರೂ ಉಂಟು. ಇಪ್ಪತ್ತೊಂಬತ್ತನೆಯದು ಕೆಂಪು ನಕ್ಷತ್ರ. ಖಾನೆಯ ತಲೆಯ ಪಕ್ಕ ಉದಯಿಸುತ್ತದೆ. ಈ ನಕ್ಷತ್ರದಲ್ಲಿ ಹುಟ್ಟಿದ ಖಾನೆಯನ್ನು ಖಾಲಿ ಬಿಡುವಂತಿಲ್ಲ, ಶಾಂತಿ ಮಾಡಿಸಿದರೂ ದೋಷ ಹೋಗದು. ನಮ್ಮ ಫಾರಂನಲ್ಲಿ 'ಸರ್‌ನೇಮ್' ಈ ನಕ್ಷತ್ರದ್ದು. ಕನಿಷ್ಠ ಮೂರು ಅಕ್ಷರ ಬೇಕು. ಹಳೇ ಮೈಸೂರು ಕಡೆಯವನಾದ ಪ್ರಬಂಧಕಾರನಿಗೆ ಇರುವುದು ಒಂದೇ ಇನಿಷಿಯಲ್, ಎಂ. ಒಂದು ಸಲ ಒತ್ತಿದಾಗ ಫಾರಂ ಗದರಿತು, ಎರಡು ಸಲ ಒತ್ತಿದಾಗಲೂ ಗದರಿತು, ಮೂರನೆಯದಕ್ಕೆ ಒಳಗೆ ಬಿಟ್ಟುಕೊಂಡಿತು. ಅಂದಿನಿಂದ ಮೇಲ್ ಬರುವುದೇ 'ಪ್ರಿಯ ಎಂಎಂಎಂ ಅವರೇ' ಎಂದು. ಕ್ಯಾಂಟೀನಿನವನು 'ಮೂರೆಮ್ಮೆ ಸಾರ್' ಎನ್ನುತ್ತಾನೆ.

ಶಾಸನಗಳ ಭಾಷೆ ಬಹುಪಾಲು ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು 10 ದಿನಗಳಲ್ಲಿ ಕಟ್ಟಿದರು. ನವರಾತ್ರಿಗೆ ವಿಜಯದಶಮಿ ಸೇರಿಸಿದಷ್ಟು ಕಾಲ. ಬ್ರೌಸರಿನಲ್ಲಿ ಕೂರುವ ನಿಯಮ ಹೊರಬಾಗಿಲಿನ ಕಾವಲುಗಾರ. ಜಾವಾಸ್ಕ್ರಿಪ್ಟ್ ಆಫ್ ಮಾಡಿಕೊಂಡು ಬಂದವನ ಪಾಲಿಗೆ ಅವನು ನಿದ್ದೆಯಲ್ಲಿರುತ್ತಾನೆ. ಹಾಗಾಗಿ ಸರ್ವರಿನಲ್ಲೂ ಅದೇ ತಪಾಸಣೆ ಇರಬೇಕೆಂಬುದು ಬಲ್ಲವರ ಮತ. ನಮ್ಮಲ್ಲಿ ಎರಡು ಕಡೆಯೂ ಇದೆ, ಆದರೆ ಅದೇ ತಪಾಸಣೆಯಲ್ಲ. ಮೊಬೈಲ್ ನಂಬರಿಗೆ ಹೊರಗಿನವನು 10 ಅಂಕಿ ಕೇಳುತ್ತಾನೆ, ಒಳಗಿನವನು 91 ಸೇರಿಸಿ 12.

ಈಗ ಸಿದ್ಧಾಂತ. ಪ್ರತಿ ನಿಯಮವೂ ಒಂದು ವೀರಗಲ್ಲು. ಯಾರೋ ಬಿದ್ದಿದ್ದಾರೆ, ಬಿದ್ದ ಜಾಗದಲ್ಲಿ ಒಂದು 'ಇಫ್' ನೆಟ್ಟಿದ್ದಾರೆ. 'ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಸೊನ್ನೆಯೇ ಆಗಿರತಕ್ಕದ್ದು' ಎಂಬ ಕಲ್ಲಿನಡಿ, ಸೊನ್ನೆಯ ಬದಲು ಇಂಗ್ಲಿಷಿನ 'ಓ' ಒತ್ತಿದವನೊಬ್ಬ ಮಲಗಿದ್ದಾನೆ. 'ಬಿಲ್ಲಿನ ತಾರೀಖು ನಾಳೆಯದಾಗಿರಕೂಡದು' ಎಂಬುದರಡಿ ಇರುವವನು ನಾಳೆಯ ಊಟವನ್ನು ಇವತ್ತೇ ಉಂಡ ಮಹಾನುಭಾವ.

ಇವುಗಳಲ್ಲೆಲ್ಲ ಮುಖ್ಯವಾದದ್ದು ಐದು ಸಾವಿರದ ಜೋಡಿಗಲ್ಲು. ಮೊದಲನೆಯದರ ಪಾಠ: ಮೊತ್ತ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಬಿಲ್ಲು ತಾನಾಗಿ ಪಾಸು. ಎರಡನೆಯದರದ್ದು: 5,000ಕ್ಕಿಂತ ಹೆಚ್ಚಿದ್ದರೆ ಮ್ಯಾನೇಜರ ಒಪ್ಪಿಗೆಗೆ. ಆ ತಿಂಗಳಿಂದ ನಮ್ಮವರ ಬಿಲ್ಲುಗಳೆಲ್ಲ 4,999ಕ್ಕೇ ಬಂದು ನಿಂತದ್ದನ್ನು ಆರ್ಥಿಕ ಇತಿಹಾಸಕಾರರಿಗೆ ಬಿಡೋಣ. ನಮ್ಮ ಕುತೂಹಲ ಇರುವುದು ಒಬ್ಬ ಪ್ರಾಮಾಣಿಕನ ಮೇಲೆ. ಮೈಸೂರಿಗೆ ಹೋಗಿಬಂದ ಟ್ಯಾಕ್ಸಿಗೆ ಸರಿಯಾಗಿ 5,000 ಕೊಟ್ಟ, ಸರಿಯಾಗಿ 5,000 ಎಂದೇ ತುಂಬಿದ. ಅದು ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಅರ್ಜಿ ತ್ರಿಶಂಕುವಾಯಿತು. ಪುರಾಣದ ತ್ರಿಶಂಕುವಿಗೆ ವಿಶ್ವಾಮಿತ್ರರಾದರೂ ಇದ್ದರು. ಇವನಿಗೆ ಹೆಲ್ಪ್‌ಡೆಸ್ಕ್, ಅದಕ್ಕೊಂದು ಫಾರಂ, ಅದರಲ್ಲೂ ಸರ್‌ನೇಮ್. 'ಅಥವಾ ಸಮ' ಎಂಬ ಒಂದು ಚಿಹ್ನೆ ಸೇರಿಸಲು ಮೂರು ಮೀಟಿಂಗ್ ಬೇಕಾದವು, ನಾಲ್ಕನೆಯದರಲ್ಲಿ ಬಿಸ್ಕತ್ತು ಮಾತ್ರ ಖರ್ಚಾಯಿತು.

ಇನ್ನು ಅರ್ಜಿಯ ಸಂಚಾರ. ಮ್ಯಾನೇಜರು ತಮ್ಮ ಬಿಲ್ಲಿಗೆ ತಾವೇ ಒಪ್ಪಿಗೆ ಕೊಟ್ಟುಕೊಂಡ ದಿನ ಹೊಸ ಕಲ್ಲು ಎದ್ದಿತು: ಅರ್ಜಿದಾರನೂ ಒಪ್ಪುವವನೂ ಒಬ್ಬನೇ ಆದರೆ ಅರ್ಜಿ ಅವನ ಮೇಲಿನವರಿಗೆ ಹೋಗಲಿ. ನ್ಯಾಯವೇ. ಆದರೆ ಎಲ್ಲರಿಗಿಂತ ಮೇಲಿರುವ ದೊಡ್ಡ ಸಾಹೇಬರಿಗೆ ಮೇಲಿನವರು ಯಾರು? ಆ ಖಾನೆಗೂ ಕೆಂಪು ನಕ್ಷತ್ರವಿದ್ದುದರಿಂದ ಅಲ್ಲಿ ಅವರ ಹೆಸರನ್ನೇ ತುಂಬಿದ್ದರು. ಅವರ ಬಿಲ್ಲು ಅವರಿಂದ ಅವರಿಗೆ, ಅವರಿಂದ ಅವರಿಗೆ ಹೋಗುತ್ತ ರಾತ್ರಿಯಿಡೀ ಪ್ರದಕ್ಷಿಣೆ ಹಾಕಿತು. ಬೆಳಗ್ಗೆ ಅವರ ಇನ್‌ಬಾಕ್ಸಿನಲ್ಲಿ 'ನಿಮ್ಮ ಒಪ್ಪಿಗೆಗೆ ಕಾಯಲಾಗುತ್ತಿದೆ' ಎಂಬ ಮೇಲ್‌ಗಳ ರಾಶಿ. ಇದು ದ್ವೈತವೋ ಅದ್ವೈತವೋ ಎಂಬಲ್ಲಿ ಐಟಿ ವಿಭಾಗದವರಿಗೂ ಲೆಕ್ಕಪತ್ರದವರಿಗೂ ಈಗಲೂ ಭಿನ್ನಮತವಿದೆ.

ಕೊನೆಗೆ ಶಾಪಾಶಯ. ಹಳೆಯ ದಾನಶಾಸನಗಳು ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಬರಲೆಂದು ಶಪಿಸಿ ಮುಗಿಯುತ್ತವೆ. ನಮ್ಮ ಫಾರಂನ ಹಿಂದೆಯೂ ಒಂದೆಡೆ ಇಷ್ಟೇ ಬರೆದಿದೆ: 'ಇದನ್ನು ಯಾರೂ ಮುಟ್ಟಬೇಡಿ.' ಅದರ ಕೆಳಗಿನ ನಿಯಮ, ಮಂಗಳವಾರ ಬಂದ ಬಿಲ್ಲುಗಳನ್ನು ಬುಧವಾರಕ್ಕೆ ತಳ್ಳುತ್ತದೆ. ಕಾರಣ ತಿಳಿದವರು ರಿಟೈರ್ ಆಗಿದ್ದಾರೆ. ಹೊಸದಾಗಿ ಸೇರಿದ ಹುಡುಗನೊಬ್ಬ 'ಇದ್ಯಾಕೆ ಸಾರ್ ಬೇಕು' ಎಂದು ಒಂದು ಮಧ್ಯಾಹ್ನ ಅಳಿಸಿಬಿಟ್ಟ. ಸಂಜೆಗೆ ಫಾರಂ ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ. ಮೂರನೆಯ ದಿನ ಕಲ್ಲನ್ನು ಇದ್ದಲ್ಲಿಯೇ ಮರುಪ್ರತಿಷ್ಠೆ ಮಾಡಿದರು. ಈಗ ಶಾಪದ ವಾಕ್ಯದ ಮುಂದೆ ಮೂರು ಉದ್ಗಾರ ಚಿಹ್ನೆಗಳಿವೆ, ಕೆಳಗೆ ಆ ಹುಡುಗನ ಹೆಸರೂ ಇದೆ.