ಮನೆಗೆ ವರ್ಗವಾದ ಯಜಮಾನರು

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ ಮುಂತಾದ ಬಡಾವಣೆಗಳಲ್ಲಿ ಹೇರಳವಾಗಿ ಕಂಡುಬರುವ ನಿವೃತ್ತ ಗೃಹಸ್ಥರಲ್ಲಿ, ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರಾಗಿಯೋ ಅಧೀಕ್ಷಕರಾಗಿಯೋ ದುಡಿದು, 60 ವರ್ಷ ತುಂಬಿದ ತಿಂಗಳ ಕೊನೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಗಳೊಂದಿಗೆ ಮನೆ ಸೇರಿದವರದೇ ಒಂದು ಪ್ರತ್ಯೇಕ ಪಂಗಡವಿದೆ. ಸೇವಾ ನಿಯಮಗಳ ಪ್ರಕಾರ ಇವರು ನಿವೃತ್ತರು. ಇವರ ಸ್ವಂತ ತಿಳಿವಳಿಕೆಯ ಪ್ರಕಾರವಾದರೋ ಅದು ಕಚೇರಿಯಿಂದ ಮನೆಗೆ ಆದ ವರ್ಗಾವಣೆ ಮಾತ್ರ, ಅದೂ ಆಡಳಿತವು ಬಹುಕಾಲದಿಂದ ಹದಗೆಟ್ಟಿರುವ ಶಾಖೆಯೊಂದಕ್ಕೆ.

ಅಧಿಕಾರ ವಹಿಸಿಕೊಂಡ ಯಜಮಾನರು ಮೊದಲು ಕಡತಗಳನ್ನು ತೆರೆಯುತ್ತಾರೆ. ಹಾಲಿನ ಲೆಕ್ಕಕ್ಕೊಂದು, ಕರೆಂಟು ಬಿಲ್ಲಿಗೊಂದು ರಟ್ಟಿನ ಫೈಲು. ಪ್ರತಿ ಹಾಳೆಯ ಅಂಚಿನಲ್ಲಿ ಷರಾ, ಎಂದರೆ ಮೇಲಧಿಕಾರಿಯು ತನ್ನ ಅಭಿಪ್ರಾಯವನ್ನು ಒಂದೆರಡು ಪದಗಳಲ್ಲಿ ಸೂಚಿಸುವ ಬರಹ. ಷರಾಗಳಲ್ಲೆಲ್ಲ ಬಲಿಷ್ಠವಾದದ್ದು ‘ಚರ್ಚಿಸಿ’ ಎಂಬುದು. ಅದು ಒಪ್ಪಿಗೆಯನ್ನೂ ಕೊಡದೆ, ನಿರಾಕರಣೆಯ ಹೊಣೆಯನ್ನೂ ಹೊರದೆ, ಕಡತವನ್ನು ಬಂದ ದಾರಿಗೇ ಹಿಂದಿರುಗಿಸಬಲ್ಲದು. ಸೊಸೆ ‘ಮಾವ, ಸಂಜೆಗೆ ಉಪ್ಪಿಟ್ಟು ಮಾಡಲೇ?’ ಎಂದು ಕೇಳಿದಾಗಲೂ ಇವರ ಬಾಯಿಂದ ಹೊರಡುವುದು ಇದೇ, ಮತ್ತು ಚರ್ಚೆ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ತಟ್ಟೆಯಲ್ಲಿ ಆರಿರುತ್ತದೆ. ಗ್ಯಾಸ್ ಬಂದ ದಿನ, ಸಿಲಿಂಡರಿನಲ್ಲಿರಬೇಕಾದ 14.2 ಕಿಲೋ ಅನಿಲಕ್ಕೆ ಅದರ ಮೈಮೇಲೆ ಬರೆದಿರುವ ಖಾಲಿ ತೂಕವನ್ನು ಕೂಡಿಸಿ, ತೂಗಿಸಿ ನೋಡುವವರೆಗೆ ತಂದ ಹುಡುಗನಿಗೆ ಬಿಡುಗಡೆಯಿಲ್ಲ.

ವಾರದ ನಡುವೆ ಬರುವ ದೇವರಾಜ ಮಾರುಕಟ್ಟೆಯ ಭೇಟಿಯು ಖರೀದಿಗಿಂತ ಹೆಚ್ಚಾಗಿ ತಪಾಸಣೆಯ ಸ್ವರೂಪದ್ದು. ಭೌಗೋಳಿಕ ಸೂಚಕ, ಅಂದರೆ ಒಂದು ಬೆಳೆಯು ಇಂಥದೇ ಸೀಮೆಯದೆಂದು ಕಾನೂನು ಕೊಡುವ ಮುದ್ರೆಯನ್ನು ಪಡೆದಿರುವ ನಂಜನಗೂಡಿನ ರಸಬಾಳೆಯು ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಅಪರೂಪವಾಗಿದೆಯೆಂಬುದನ್ನು ಓದಿ ತಿಳಿದಿರುವ ಯಜಮಾನರು, ಗೊನೆಯ ಮುಂದೆ ನಿಂತು ಅದರ ಮೂಲವನ್ನು ಕೆದಕಿ ಕೆದಕಿ ಕೇಳುತ್ತಾರೆ. ‘ಹಣ್ಣು ಎಲ್ಲೀದೋ, ನಾನಂತೂ ನಂಜನಗೂಡಿನವನೇ ಸ್ವಾಮಿ’ ಎಂಬ ವ್ಯಾಪಾರಿಯ ಉತ್ತರವನ್ನು ಅರ್ಧ ಸಾಕ್ಷ್ಯವೆಂದು ಪರಿಗಣಿಸಿ ಅರ್ಧ ಡಜನ್ ಮಾತ್ರ ಕೊಳ್ಳುತ್ತಾರೆ. ಮನೆಯಲ್ಲಿ ಕಾದಿದ್ದ ಕೊತ್ತಂಬರಿ ಸೊಪ್ಪು ಮಾತ್ರ ಮಾರುಕಟ್ಟೆಯಲ್ಲೇ ಉಳಿದಿರುತ್ತದೆ.

ಆದರೂ ಈ ವರ್ಗದ ಶೌರ್ಯ ಪೂರ್ಣವಾಗಿ ಪ್ರಕಟವಾಗುವುದು ಜೀವಿತ ಪ್ರಮಾಣಪತ್ರದ ವಾರದಲ್ಲಿ. ಪಿಂಚಣಿ ಪಡೆಯುವವರು ಇನ್ನೂ ಬದುಕಿದ್ದಾರೆಂದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ಸಲ್ಲಿಸಬೇಕಾದ ಪತ್ರವಿದು. 2014ರಲ್ಲಿ ‘ಜೀವನ ಪ್ರಮಾಣ’ವೆಂಬ ಡಿಜಿಟಲ್ ವ್ಯವಸ್ಥೆ ಬಂದ ಮೇಲೆ ಬೆರಳಚ್ಚನ್ನು ಆಧಾರ್ ದಾಖಲೆಯೊಂದಿಗೆ ತಾಳೆ ನೋಡಿಯೂ ಇದನ್ನು ಪಡೆಯಬಹುದು. ವಯಸ್ಸಾದಂತೆ ಬೆರಳ ಗೆರೆಗಳು ಸವೆಯುವುದರಿಂದ ಯಂತ್ರವು ಹಲವು ಹಿರಿಯರನ್ನು ಗುರುತಿಸದು. ಯಜಮಾನರು ಈ ಕಾರಣವನ್ನು ಮನೆಯಲ್ಲಿ ಗಂಭೀರವಾಗಿ ವಿವರಿಸಿದಾಗ, ಸಿಂಕಿನ ಮುಂದೆ ನಿಂತಿರುವ ಗೃಹಿಣಿಯು ‘ಇಷ್ಟು ವರ್ಷ ಪಾತ್ರೆ ಉಜ್ಜಿದ ನನ್ನ ಕೈಯೇ ಸವೆದಿಲ್ಲ, ನಿಮ್ಮದು ಯಾವುದರಿಂದ ಸವೆಯಿತೋ’ ಎಂದು ಕೇಳುವುದುಂಟು. ಈ ಟಿಪ್ಪಣಿಗೆ ಯಾವ ಕಡತದಲ್ಲೂ ಉತ್ತರವಿಲ್ಲ. ಕಡೆಗೆ ಮೊಮ್ಮಗಳ ಮೊಬೈಲಿನಲ್ಲಿ ಮುಖ ತೋರಿಸಿ ಬದುಕನ್ನು ರುಜುವಾತು ಮಾಡುವ ದಾರಿ ಹಿಡಿಯಲಾಗುತ್ತದೆ. ಅಲ್ಲಿ ಕಣ್ಣು ಮಿಟುಕಿಸಬೇಕು, ಏಕೆಂದರೆ ಎದುರಿಗಿರುವುದು ಭಾವಚಿತ್ರವಲ್ಲವೆಂದು ಯಂತ್ರಕ್ಕೆ ಮನವರಿಕೆಯಾಗಬೇಕು. ತಪ್ಪು ಮಾಡಿದ ಗುಮಾಸ್ತನನ್ನು ರೆಪ್ಪೆ ಅಲುಗಿಸದೆ ದಿಟ್ಟಿಸುವುದನ್ನೇ ಸೇವಾವಧಿಯುದ್ದಕ್ಕೂ ಅಭ್ಯಾಸ ಮಾಡಿದವರಿಗೆ ಇದು ಸುಲಭವಲ್ಲ. ‘ತಾತ, ಮಿಟುಕ್ಸಿ, ಇಲ್ಲಾಂದ್ರೆ ನೀವು ಇಲ್ಲ ಅಂತ ಬರತ್ತೆ’ ಎಂದು ಮಗು ಕೂಗಿ, ಅಜ್ಜಿ ನಕ್ಕು, ಆ ನಗುವಿಗೆ ಸಿಟ್ಟಾಗಿ ಇವರು ರೆಪ್ಪೆ ಬಡಿದಾಗ, ಜೀವವಿರುವುದು ಸರ್ಕಾರಕ್ಕೆ ಖಚಿತವಾಗುತ್ತದೆ.

ಶಕ್ತಿ ಯೋಜನೆಯು ಇಂತಹ ದಾಂಪತ್ಯಗಳಲ್ಲಿ ಉಂಟುಮಾಡಿದ ಅಧಿಕಾರ ವಿಕೇಂದ್ರೀಕರಣವನ್ನು ಅರ್ಥಶಾಸ್ತ್ರಜ್ಞರು ಸಾಕಷ್ಟು ಗಮನಿಸಿದಂತಿಲ್ಲ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೇಟಿನಲ್ಲಿ ಪ್ರಯಾಣಿಸುತ್ತಿದ್ದು, ನಂಜುಂಡೇಶ್ವರನ ದರ್ಶನಕ್ಕೆ ಹೊರಟ ಜೋಡಿಯಲ್ಲಿ ದುಡ್ಡು ತೆರಬೇಕಾದವರು ಗಂಡಸರೊಬ್ಬರೇ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರಲ್ಲೇ ನಿಂತುಹೋದ ಕೊರಗು ಮೊದಲೇ ಇರುವುದರಿಂದ, ಯಜಮಾನರು ಹೆಂಡತಿಯ ಶೂನ್ಯ ಟಿಕೇಟುಗಳನ್ನು ಒಂದು ಫೈಲಿಗೆ ಸೇರಿಸಿ, ಉಳಿತಾಯವಾದ ಮೊತ್ತವನ್ನು ಮನೆಯ ಖಾತೆಗೆ ಜಮಾ ಮಾಡತಕ್ಕದ್ದೆಂದು ಸೂಚಿಸುತ್ತಾರೆ. ಉಳಿದದ್ದು ತನ್ನ ದುಡ್ಡೆಂಬುದು ಪ್ರತಿವಾದಿಯ ನಿಲುವು. ಈ ವಿಷಯದಲ್ಲಿ ಆಕೆಯ ಪಕ್ಷವೇ ಹೆಚ್ಚು ಬಲವಾದುದೆಂದು ಇಲ್ಲಿ ಹೇಳದೆ ವಿಧಿಯಿಲ್ಲ.

ಆ ದುಡ್ಡಿನ ಬಲದಿಂದಲೇ ಆಕೆ ವಾರದ ಕೊನೆಗೆ ಬೆಂಗಳೂರಿನ ಮಗಳ ಮನೆಗೆ ಹೊರಡುತ್ತಾರೆ. ಪದ್ಧತಿಗೆ ಭಂಗ ಬರಬಾರದೆಂದು ಫ್ರಿಜ್ಜಿನ ಬಾಗಿಲಿಗೆ ಮೂರು ದಿನಗಳ ಸಾಂದರ್ಭಿಕ ರಜೆಯ ಅರ್ಜಿಯನ್ನೂ, ಹುಳಿ ಬಿಸಿ ಮಾಡುವ ಕ್ರಮವನ್ನೂ ಒಂದೇ ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ. ಯಜಮಾನರು ಕನ್ನಡಕ ಹುಡುಕಿ, ಅದನ್ನು ಎರಡು ಬಾರಿ ಓದಿ, ಅಂಚಿನಲ್ಲಿ ‘ಚರ್ಚಿಸಿ’ ಎಂದು ಷರಾ ಬರೆದು ಕಿರುಸಹಿ ಹಾಕುವ ವೇಳೆಗೆ ಅರ್ಜಿದಾರರು ಕೂತ ಬಸ್ಸು ಶ್ರೀರಂಗಪಟ್ಟಣ ದಾಟಿರುತ್ತದೆ.