ಮೊದಲ ನೀವ್ ಮುಳುಗ್ರಿ, ಆಮ್ಯಾಲ ಕ್ಯಾಮೆರಾ

ಏನ್ರಿ, ನೀರಾಗ ಫೋಟೋ ತೆಗೆಯೋ ಕ್ಯಾಮೆರಾ ನೋಡಾಕ ಹತ್ತೀರಂತ? ಇಲ್ಲ ಅನ್ನಬ್ಯಾಡ್ರಿ, ನಮಗೆಲ್ಲಾ ಗೊತ್ತೈತಿ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಹಾಸಿಗ್ಯಾಗ ಹೊರಳಾಡಕೋತ ಗೋಪ್ರೋ ರಿವ್ಯೂ ನೋಡ್ತೀರಿ. ಕಾರ್ಟಿಗೆ ಹಾಕ್ತೀರಿ, ರೇಟ್ ನೋಡಿ ತೆಗೀತೀರಿ, ಮುಂಜಾನೆ ಎದ್ದು ಮತ್ತ ಹಾಕ್ತೀರಿ. (ಮನಿಯವ್ರಿಗೂ ಗೊತ್ತೈತಿ ಬಿಡ್ರಿ. ಬಿಲ್ ಬರಲಿ ಅಂತ ಸುಮ್ನ ಕುಂತಾರ.)

ಈ ಹುಚ್ಚು ಎಲ್ಲಿಂದ ಹತ್ತಿತು ಅನ್ನೋದೂ ಗೊತ್ತು. 2022ರ ಅಕ್ಟೋಬರ್‌ದಾಗ ‘ಗಂಧದ ಗುಡಿ’ ಬಂತು. ನೇತ್ರಾಣಿ ಸಮುದ್ರದಾಗ ಅಪ್ಪು ಇಳದದ್ದು ನೋಡಿ ನೀವು ಕಣ್ಣು ಒರಸ್ಕೊಂಡು ಹೊರಗ ಬಂದ್ರಿ, ‘ನಾನೂ ಒಂದಿನ ಇಳೀತೀನಿ’ ಅಂದ್ರಿ. ಭಾಳ ಚಲೋ. ಆದ್ರ ನೇತ್ರಾಣಿ ಇರೋದು ಮುರ್ಡೇಶ್ವರದ ದಂಡಿಯಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗ. ನೀವ್ ಇರೋದು ಯಲಬುರ್ಗಾದಾಗ.

ಹಂಗಾಗಿ ‘ಯಾವ ಕ್ಯಾಮೆರಾ ತಗೊಳ್ಳಿ?’ ಅಂತ ಕೇಳೂದ್ರಕಿಂತ ಮೊದಲ ಯಾವ ನೀರಿಗೆ ಇಳಿಯವ್ರು ಅದನ್ನ ಹೇಳ್ರಿ. ಕುಷ್ಟಗಿಯವ್ರನ್ನ ಮಾತ್ರ ಕೇಳಬ್ಯಾಡ್ರಿ. ‘ಮೊದಲ ನೀರ್ ತೋರಿಸ್ರಿ, ಆಮ್ಯಾಲ ಫೋಟೋ ನೋಡೋಣು’ ಅಂತಾರ. ತಪ್ಪೇನೈತಿ ಹೇಳ್ರಿ?

ನಮ್ಮ ಜಿಲ್ಲಾದಾಗ ಇರೋ ದೊಡ್ಡ ನೀರು ಅಂದ್ರ ಮುನಿರಾಬಾದದ ಡ್ಯಾಮಿಂದು. 1953ಕ್ಕ ಕಟ್ಟಿ ಮುಗಿಸಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು, ಈಗ 105ರ ಆಸುಪಾಸು. ಉಳಿದ ಜಾಗಾನೆಲ್ಲಾ ಹೂಳು ತಿಂದೈತಿ. ಮಳಿಗಾಲದಾಗ ನೀರು ಕೆಂಪು, ಕೆಲವು ವರ್ಷ ಚಳಿಗಾಲಕ್ಕ ಪಾಚಿ ಕಟ್ಟಿ ಹಸಿರು. ಇಂಥಾದ್ರಾಗ ಎರಡು ಲಕ್ಷದ ಕ್ಯಾಮೆರಾ ಮುಳುಗಿಸಿದ್ರ ಏನ್ ಬರ್ತೈತಿ? ಎರಡು ಲಕ್ಷದ ಕೆಸರು ಬರ್ತೈತಿ.

‘ನಾನು ಫ್ಲ್ಯಾಶ್ ಹಾಕ್ತೀನಿ’ ಅಂತೀರಿ. ಹಾಕ್ರಿ. ರಾತ್ರಿ ಧೂಳಿನ ಹಾದ್ಯಾಗ ಗಾಡಿ ಹೈಬೀಮ್ ಹಾಕಿದ್ರ ಮುಂದಿನ ರೋಡ್ ಬಿಟ್ಟು ಬರೇ ಧೂಳ ಕಾಣ್ತೈತಲ್ಲ, ಅದ ಕತಿ. ನೀರಾಗಿನ ಒಂದೊಂದು ಕಣನೂ ಬೆಳಕನ್ನ ಹೊಳ್ಳಿ ಲೆನ್ಸಿಗೇ ಬಡೀತೈತಿ, ಫೋಟೋದ ತುಂಬ ಬಿಳಿ ಚುಕ್ಕಿ. ಅದಕ್ಕ ದೊಡ್ಡ ಫೋಟೋಗ್ರಾಫರ್‌ಗಳು ಕ್ಯಾಮೆರಾದಾಗಿನ ಫ್ಲ್ಯಾಶ್ ಮುಚ್ಚಿ, ಉದ್ದನೆ ಕೈ ಹಚ್ಚಿ ಸ್ಟ್ರೋಬ್‌ಗಳನ್ನ ಆ ಕಡೆ ಈ ಕಡೆ ದೂರ ಇಡ್ತಾರ. (ಆ ಸ್ಟ್ರೋಬ್ ರೇಟ್ ನೋಡೀರೇನು? ನೋಡಬ್ಯಾಡ್ರಿ.)

ಇನ್ನೊಂದು ಮಾತು. ಗಾಳ ಹಾಕವ್ರು ಗೇಣುದ್ದದ ಮೀನಿಗೆ ಮಾರುದ್ದ ಅಂತಾರ ಅಂತ ನಗ್ತೀರಲ್ಲ, ನೀರೂ ಸುಳ್ಳ ಹೇಳ್ತೈತಿ. ಅದರಾಗ ಇರೋದೆಲ್ಲಾ ಕಾಲು ಭಾಗ ಹತ್ರ, ಮೂರರಾಗ ಒಂದು ಪಾಲು ದೊಡ್ಡದು ಕಾಣ್ತೈತಿ. ಅದಕ್ಕ ಜೂಮ್ ಮಾಡೋ ಚಟ ಬಿಡ್ರಿ. ವೈಡ್ ಲೆನ್ಸ್ ಹಾಕ್ರಿ, ಮೀನಿನ ಮಾರಿಗೆ ಮಾರಿ ಹಚ್ಚೂವಷ್ಟು ಹತ್ರ ಹೋಗ್ರಿ. ನಡುವಿನ ನೀರು ಕಡಿಮಿ ಆದಷ್ಟೂ ಫೋಟೋ ನಿಚ್ಚಳ.

ಈಗ ನಿಮ್ಮ ಬಜೆಟ್ಟಿಗೆ ಬರೋಣು. ಮೊದಲನೇದು ಕೊಳ್ಳಾಗ ಹಾಕ್ಕೊಳ್ಳೋ ಪ್ಲಾಸ್ಟಿಕ್ ಪೌಚ್. ಸಣಾಪುರ ಕೆರ್‍ಯಾಗ ಹರಗೋಲು ಹತ್ತೋ ಮುಂದ ತಗೊಂಡ್ರಿ, ಅರ್ಧ ಹಾದಿಗೆ ಕೈ ಸುಮ್ನಿರಲಾರದ ನೀರಾಗ ಅದ್ದಿದ್ರಿ. ಪಿಕ್ಚರ್ ಬರಲಿಲ್ಲ, ಹೌದಲ್ಲ? ನೀರೊಳಗ ಟಚ್ ಕೆಲಸ ಮಾಡಂಗಿಲ್ಲರೀ. ಮೊದಲ ಕ್ಯಾಮೆರಾ ತೆರದು ಇಟ್ಕೊಂಡು ವಾಲ್ಯೂಮ್ ಬಟನ್‌ಲೆ ಒತ್ತಬೇಕು. ಅದಕ್ಕೂ ಮೊದಲ ಪೌಚ್‌ದಾಗ ಮೊಬೈಲ್ ಬದಲಿ ಪೇಪರ್ ಹಾಕಿ ಬಕೆಟ್‌ದಾಗ ಮುಳುಗಿಸಿ ಇಡ್ರಿ. ಪೇಪರ್ ಹಸಿ ಆತಂದ್ರ ಒಂದು ಪೌಚ್ ಹೋತು, ಮೊಬೈಲ್ ಉಳೀತು.

‘ನಂದು ಐಪಿ68 ಮೊಬೈಲು, ಪೌಚ್ ಯಾಕ?’ ಅನ್ನೋ ಜಾಣರು ನೀವಾ? ಆ ಟೆಸ್ಟ್ ಮಾಡೋದು ನಿಂತ ಸಿಹಿನೀರಾಗ. ಸಮುದ್ರದ ಉಪ್ಪು, ಸ್ವಿಮ್ಮಿಂಗ್ ಪೂಲಿನ ಕ್ಲೋರಿನ್, ಬಂಡಿ ಮ್ಯಾಲಿಂದ ಧುಮುಕಿದ್ರ ಬೀಳೋ ಹೊಡ್ತ, ಯಾವುದೂ ಆ ಲೆಕ್ಕದಾಗ ಇಲ್ಲ. ನೀರು ಹೊಕ್ಕಿದ್ದಕ್ಕ ವಾರಂಟಿ ಸಾಮಾನ್ಯವಾಗಿ ಕೊಡಂಗೂ ಇಲ್ಲ. ಅದರಾಗ ನಿಮ್ಮ ಮೊಬೈಲ್ ಬೈಕ್ ಮ್ಯಾಲಿಂದ ಎಷ್ಟ್ ಸಲ ಬಿದ್ದೈತಿ ಅಂತ ನೀವ ಹೇಳ್ರಿ.

ಎರಡನೇದು ಆ್ಯಕ್ಷನ್ ಕ್ಯಾಮೆರಾ. ಗೋಪ್ರೋ ಹೀರೋ 12 ಹಂಗ 10 ಮೀಟರ್ ತಡೀತೈತಿ, ಮ್ಯಾಲೊಂದು ಕೇಸ್ ಹಾಕಿದ್ರ 60. ಡಿಜೆಐ ಆ್ಯಕ್ಷನ್ 5 ಪ್ರೊ ಕೇಸ್ ಇಲ್ದನ 20 ಮೀಟರ್. ನಮ್ಮ ಕಡೆಯ ಯಾವ ಬಾವಿಗೂ ಇದು ಧಾರಾಳ ಆತು. ತೇಲೋ ಹಿಡಿಕಿ ಮಾತ್ರ ಜೊತಿಗೇ ತಗೊಳ್ರಿ. ಎಡದಂಡಿ ಕಾಲುವಿಯಾಗ ಕೈ ಜಾರಿದ್ರ ನಿಮ್ಮ ಕ್ಯಾಮೆರಾ ಗಂಗಾವತಿ ದಾಟಿ, ಕಾರಟಗಿ ದಾಟಿ ಸಿಂಧನೂರಿನ ಭತ್ತದ ಗದ್ದಿ ಶೂಟಿಂಗಿಗೆ ಹೊಂಟಂಗ.

ಕಪ್ಪಿ, ಸಣ್ಣ ಮೀನು, ಪಾಚಿಯೊಳಗಿನ ಹುಳ ಇಂಥಾವನ್ನ ಹತ್ರದಿಂದ ತೆಗೆಯೋ ಆಸೆ ಇದ್ರ ಓಎಂ ಸಿಸ್ಟಮ್ ಟಿಜಿ-7 ಅನ್ನೋ ಸಣ್ಣ ಕ್ಯಾಮೆರಾ ಐತಿ, 15 ಮೀಟರ್ ತನಕ ಹಂಗ ಇಳೀತೈತಿ. ನನ್ನ ಕೇಳಿದ್ರ ಬಾವಿ ಮಂದಿಗೆ ಇದ ಬೆಸ್ಟ್. ಆದ್ರ ನೀವು ನನ್ನ ಮಾತು ಕೇಳಂಗಿಲ್ಲ. ಯಾಕಂದ್ರ ಕೊಳ್ಳಾಗ ಹಾಕ್ಕೊಂಡ್ರ ಇದು ದೊಡ್ಡದು ಕಾಣಂಗಿಲ್ಲ.

ನಿಮಗ ಬೇಕಾದ್ದು ದೊಡ್ಡದು. ಡಿಎಸ್‌ಎಲ್‌ಆರ್, ಅದಕ್ಕೊಂದು ಹೌಸಿಂಗ್, ಮುಂದ ಗಾಜಿನ ಡೋಮ್. ಗಂಗಾವತಿ ಕಡೆ ಪ್ರೀವೆಡ್ಡಿಂಗ್ ಶೂಟ್ ಮಾಡೋ ಹುಡುಗ್ರ ಕಣ್ಣೂ ಇದರ ಮ್ಯಾಲ ಐತಿ. ಕೇಳ್ರಿ ತಮ್ಮಗಳಾ, ಒಂದು ಹೌಸಿಂಗ್ ಒಂದ ಮಾಡೆಲ್ಲಿಗೆ ಕೂಡ್ತೈತಿ. ಕ್ಯಾಮೆರಾ ಬದಲಿ ಮಾಡಿದ್ರೋ, ಹೌಸಿಂಗೂ ಬದಲಿ. ಮತ್ತ ಅದರ ರೇಟು ಭಾಳ ಸಲ ಕ್ಯಾಮೆರಾದ್ದಕಿಂತ ಹೆಚ್ಚು.

ಇನ್ನ ಮದುಮಗಳಿಗೆ ಕೆಂಪು ಇಳಕಲ್ ಸೀರಿ ಉಡಿಸಿ ನೀರಿಗೆ ಇಳಿಸವ್ರೇನು? ನೀರು ಮೊದಲ ನುಂಗೋದು ಕೆಂಪು ಬಣ್ಣಾನ. 5 ಮೀಟರ್‌ಗೆ ಸೊರಗತೈತಿ, 10 ಮೀಟರ್‌ಗೆ ಬಹುತೇಕ ಇಲ್ಲ. ಸಾವಿರಾರು ರೂಪಾಯಿ ಸೆರಗು ಮಾಸಿದ ಕರಿ ಅರಬಿ ಆಗಿ ಬರ್ತೈತಿ. ನೀಲಿ ಸಮುದ್ರಕ್ಕ ಕೆಂಪು ಫಿಲ್ಟರ್ ಹಾಕ್ತಾರ. ನಮ್ಮ ನೀರು ಹಸಿರು, ಅದಕ್ಕ ಮೆಜೆಂಟಾ ಫಿಲ್ಟರ್ ಬೇಕು. ಅಂಗಡಿಯಾಂವ ಕೆಂಪು ಕೊಟ್ರ ಹೊಳ್ಳಿ ಕೊಡ್ರಿ.

ಎಲ್ಲಾಕಿಂತ ದೊಡ್ಡ ಯಜಮಾನ ಇನ್ನೂ ಬಂದಿಲ್ಲ. ಹೌಸಿಂಗ್ ಬಾಗಿಲದ ಅಂಚಿಗೆ ಒಂದು ಕರಿ ರಬ್ಬರ್ ರಿಂಗ್ ಇರ್ತೈತಿ, ಓ-ರಿಂಗ್ ಅಂತಾರ. 10 ಮೀಟರ್ ಆಳಕ್ಕ ಹೋದ್ರ ಮ್ಯಾಲಿನಕಿಂತ ಎರಡು ಪಟ್ಟು ಒತ್ತಡ, ಅದನ್ನ ತಡೆಯೋದು ಈ ಒಂದು ರಿಂಗ್. ಉಗುರು ಹಚ್ಚದಂಗ ಮೆಲ್ಲಕ ತೆಗೀಬೇಕು. ಬಟ್ಟು ಆಡಿಸಿ ಉಸುಕು, ದಾರ, ಸೀಳು ಏನರ ಐತೇನು ನೋಡಬೇಕು. ಕಂಪನಿ ಹೇಳಿದ ಗ್ರೀಸ್ ಒಂದು ಕಾಳಿನಷ್ಟು ಸವರಿ ಮಿಂಚೂವಷ್ಟು ಮಾಡಿ, ಹೊಳ್ಳಿ ಅದರ ಜಾಗಾದಾಗ ಕೂಡಿಸಬೇಕು.

ಅದರ ನಡುವ ನಿಮ್ಮ ತಲಿಯ ಒಂದ ಒಂದು ಕೂದಲು ಬಿತ್ತು ಅನ್ಕೊಳ್ರಿ (ಉಳಿದಿರೋವ ನಾಕು, ಅದರಾಗ ಒಂದು), ಆ ಕೂದಲು ಹಿಡ್ಕೊಂಡ ನೀರು ಒಳಗ ಬರ್ತೈತಿ. ಅದಕ್ಕ ಕ್ಯಾಮೆರಾ ಇಡದನ ಖಾಲಿ ಹೌಸಿಂಗ್ ಬಕೆಟ್‌ದಾಗ ಮುಳುಗಿಸ್ರಿ. ಗುಳ್ಳಿ ಸಾಲಾಗಿ ಎದ್ದವೋ, ತೆಗೀರಿ, ಮತ್ತ ಮೊದಲಿಂದ ಶುರು. ನಿಮಗ ಇಷ್ಟು ತಾಳ್ಮಿ ಐತೇನ್ರಿ? ಮಿರ್ಚಿ ಎಣ್ಣ್ಯಾಗ ಬೇಯೂ ತನಕ ಕಾಯಂಗಿಲ್ಲ ನೀವು.

ಹೋಗ್ಲಿ, ಕಡಿಮಿ ರೊಕ್ಕದ ಹಾದಿ ಹೇಳ್ಲಿ? ಮೀನು ಸಾಕೋ ಗಾಜಿನ ಅಕ್ವೇರಿಯಂ ತಗೊಳ್ರಿ. ಅದರಾಗ ಕ್ಯಾಮೆರಾ ಇಟ್ಟು ಮುಕ್ಕಾಲು ಮುಳುಗಿಸ್ರಿ. ಅರ್ಧ ನೀರೊಳಗಿಂದು, ಅರ್ಧ ಮ್ಯಾಲಿನ ಗುಡ್ಡ, ಒಂದ ಫೋಟೋದಾಗ ಬರ್ತೈತಿ. ಆದ್ರ 20 ಲೀಟರಿನ ಪೆಟ್ಟಿಗಿ ಅಷ್ಟು ಮುಳುಗಿಸಿದ್ರ ನೀರು 15 ಕಿಲೋ ಜೋರಿನಾಗ ಮ್ಯಾಲಕ್ಕ ದಬ್ಬತೈತಿ. ಒತ್ತಿ ಹಿಡಿಯಾಕ ಒಬ್ಬ ಗಟ್ಟಿ ಗೆಳೆಯಾ ಬೇಕು. (ಅವನಿಗೆ ವಗ್ಗರಣಿ-ಮಿರ್ಚಿ ಖರ್ಚು ಬ್ಯಾರೆ.)

ಜಾಗಾ ಮಾತ್ರ ನೋಡಿ ಹಿಡೀರಿ. ಹುಲಿಗಿಯಾಗ ಮಂದಿ ಜಳಕ ಮಾಡೋ ಕಡೆ ನೀರಾಗ ಕ್ಯಾಮೆರಾ ಬಿಟ್ರ ಫೋಟೋಕ್ಕ ಮೊದಲ ಒದಿ ಬೀಳ್ತಾವ. ಡ್ಯಾಮಿನ ಕೆಳಗ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿ 2015ರಿಂದ ನೀರುನಾಯಿಗಳ ಸಂರಕ್ಷಿತ ಜಾಗಾ. ನೀರುನಾಯಿ ಅಂದ ಕೂಡ್ಲೆ ‘ಅಯ್ಯ, ಎಷ್ಟ್ ಚಂದ!’ ಅಂತ ಇಳಿಯಾಕ ಹೋಗಬ್ಯಾಡ್ರಿ. ಅದ ಹೊಳ್ಯಾಗ ಮೊಸಳಿನೂ ಅದಾವ. ಅಲ್ಲಿ ದಂಡಿ ಮ್ಯಾಲ ಕುಂತು ಜೂಮ್ ಲೆನ್ಸ್ ಹಾಕೋದು ಧರ್ಮ.

ಇನ್ನ ತಾಳ್ಮಿ ಮಾತಿಗೆ ಬಂದ್ರ, 1893ರಾಗ ಫ್ರಾನ್ಸಿನ ಲೂಯಿ ಬೂತಾಂ ಅನ್ನೋ ವಿಜ್ಞಾನಿ ಸಮುದ್ರದ ತಳಕ್ಕ ಕ್ಯಾಮೆರಾ ಇಳಿಸಿದ. ಒಂದು ಫೋಟೋಕ್ಕ ಅರ್ಧ ತಾಸಿನ ತನಕ ಎಕ್ಸ್‌ಪೋಜರ್ ಕೊಡಬೇಕಾಗ್ತಿತ್ತು. ನಿಮಗ ರೀಲ್ಸ್‌ಗೆ ಮೂರು ಸೆಕೆಂಡ್ ಲೈಕ್ ತಡ ಆದ್ರ ಮೊಬೈಲ್ ತಿರುವಿ ನೋಡ್ತೀರಿ.

ಈಗ ಎಲ್ಲಾ ಬಿಟ್ಟು ಖರೇ ಹೇಳ್ರಿ, ಈಜು ಬರ್ತೈತೇನು? ಸಣ್ಣಾವ ಇದ್ದಾಗ ಬಾವ್ಯಾಗ ಡಬ್ಬಿ ಕಟ್ಕೊಂಡು ಈಜಿದ್ದು ಲೆಕ್ಕಕ್ಕ ಇಲ್ಲ. ಬರಂಗಿಲ್ಲಂದ್ರ ಹಿಂಗ ಮಾಡ್ರಿ: ಮಳಿಗಾಲ ಮುಗಿಲಿ, ಮುರ್ಡೇಶ್ವರಕ್ಕ ಹೋಗ್ರಿ. ಈಜು ಬರದವ್ರನ್ನೂ ಕೈ ಹಿಡ್ಕೊಂಡು ಇಳಸೋ ಟ್ರೇನರ್‌ಗಳು ಅಲ್ಲಿ ಅದಾರ. ಸಾಮಾನ್ಯವಾಗಿ ಫೋಟೋ, ವಿಡಿಯೋ ಅವರ ತೆಗೆದು ಕೊಡ್ತಾರ. ಕೆಳಗ ನಿಮಗ ಉಸಿರಾಡೋದ ದೊಡ್ಡ ಕೆಲಸ ಆಗಿರ್ತೈತಿ, ಕ್ಯಾಮೆರಾ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ತೀರಿ? ಹೊಳ್ಳಿ ಬಂದ ಮ್ಯಾಲೂ ಹುಚ್ಚು ಇಳೀಲಿಲ್ಲ ಅಂದ್ರ ಆಗ ಕಾರ್ಟ್ ತೆಗೀರಿ.

ಕೇಳಲಿಲ್ಲ, ಆರ್ಡರ್ ಒತ್ತೇಬಿಟ್ರಿ ಅಲ್ಲ? ಆತು ಬಿಡ್ರಿ. ಪಾರ್ಸಲ್ ಬಂದ ಸುದ್ದಿ ಊರಾಗ ಹಬ್ಬೂದ್ರಾಗ ಬೀಗರ ಫೋನ್ ಬರ್ತೈತಿ: ‘ನಿಮ್ಮ ಅಳಿಯಾ ಗೋವಾಕ್ಕ ಹೊಂಟಾನ್ರೀ, ಎರಡು ದಿನಕ್ಕ ಆ ನೀರಿನ ಕ್ಯಾಮೆರಾ...’ ಇಲ್ಲ ಅನ್ನಾಕ ಬರಂಗಿಲ್ಲ, ಮಗಳನ್ನ ಕೊಟ್ಟ ಮನಿ. ಕೊಡೋ ಮುಂದ ಆ ಕರಿ ರಿಂಗ್ ತೋರ್ಸಿ, ಒಂದು ಕೂದಲು ಸಿಗಬಾರದು ಅಂತ ಬಿಡಿಸಿ ಹೇಳ್ರಿ. (ಅಳಿಯಾ ‘ಹೂಂ ಮಾವ, ಹೂಂ ಮಾವ’ ಅಂತಾನ. ಕಣ್ಣು ಮೊಬೈಲ್ ಮ್ಯಾಲ ಇರ್ತೈತಿ.)